ಅಗಲ ಸೀಟು, ಹುಣಸಿಮರದ ಏರು

ಕಳೆದ ದೀಪಾವಳಿ ಮುಗಿದ ವಾರ ನಮ್ಮ ಮನೆಗೊಂದು ಪಾರ್ಸೆಲ್ ಬಂತು. ನಾನು ಕೆಲಸಕ್ಕೆ ಹೋಗಿದ್ದೆ. ಹುನಗುಂದದ ಕೋರ್ಟಿನಲ್ಲಿ ಹಳೆಯ ಕಡತಗಳನ್ನು ಕಾಯುವ ಗುಮಾಸ್ತೆ ನಾನು. ಮನೆಯಲ್ಲಿದ್ದ ನಮ್ಮ ಯಜಮಾನರು ಪಾರ್ಸೆಲ್ ಬಿಚ್ಚಿ, ತಿರುವಿ ಮುರುವಿ ನೋಡಿ, ಕೊನೆಗೆ ಅದನ್ನು ಒಯ್ದು ಅಡುಗೆಮನೆಯ ಒಲೆಯ ಮುಂದೆ ಇಟ್ಟಿದ್ದರು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು:

"ನೀಲಾ, ರೊಟ್ಟಿ ಬಡಿಯಾಕ ಕುಂದ್ರೂ ಮಣಿ ತರಿಸೀಯೇನು? ಮೆತ್ತಗ ಐತಿ, ಚೊಲೋ ಐತಿ. ಆದ್ರ ಕೆಳಗ ಎರಡು ಸ್ಪ್ರಿಂಗ್ ಯಾಕ?"

"ಅದು ಸೈಕಲ್ಲಿನ ಸೀಟ್ ರೀ."

"ಇಷ್ಟು ಅಗಲ?"

ಅವರು ಒಮ್ಮೆ ಸೀಟನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಉತ್ತರ ತಾನಾಗಿಯೇ ಸಿಕ್ಕಿತು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. "ಸೈಕಲ್ ಎಲ್ಲೈತಿ?"

"ಇನ್ನೂ ತಗೊಂಡಿಲ್ಲ."

ನಗಬೇಡಿ. ಬೇರೆಯವರು ಸೈಕಲ್ ಕೊಂಡು ಸೀಟು ಹಾಕಿಸುತ್ತಾರೆ. ನನ್ನಂಥವಳು ಮೊದಲು ಕೂಡಲಿಕ್ಕೆ ಜಾಗ ಖಾತ್ರಿ ಮಾಡಿಕೊಳ್ಳಬೇಕು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾನು ಕೂತರೆ ಪಕ್ಕದವರಲ್ಲಿ ಒಬ್ಬರು ಕಿಟಕಿಗೆ ಅಂಟುತ್ತಾರೆ, ಇನ್ನೊಬ್ಬರು ಒಂದು ತೊಡೆಯನ್ನು ಹೊರಗೆ ಬಿಟ್ಟು ಕೂಡುತ್ತಾರೆ. ಮದುವೆ ಮನೆಗಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಎಂದೂ ಒಮ್ಮೆಲೇ ಕೂತವಳಲ್ಲ. ಮೊದಲು ಕೈ ಊರಿ ಅದರ ಅಭಿಪ್ರಾಯ ತಿಳಿದುಕೊಳ್ಳುತ್ತೇನೆ. ಕಮತಗಿಯಲ್ಲಿ ನಮ್ಮ ನಾದಿನಿಯ ಮಗನ ಮದುವೆಯಲ್ಲಿ ಒಂದು ಕುರ್ಚಿ ನನ್ನ ಕೆಳಗೆ ಕಾಲು ಚಾಚಿ ಮಲಗಿಯೇ ಬಿಟ್ಟಿತು. ಅಕ್ಷತೆ ಹಾಕುವುದನ್ನು ಬಿಟ್ಟು ಜನ ನನ್ನನ್ನು ಎಬ್ಬಿಸಲು ಬಂದರು. ಇವತ್ತಿಗೂ ಆ ಮದುವೆಯ ವಿಡಿಯೋದಲ್ಲಿ ವಧೂವರರಿಗಿಂತ ನಾನೇ ಸ್ಪಷ್ಟವಾಗಿ ಬಂದಿದ್ದೇನೆ.

ಸೀಟನ್ನು ತರಿಸಿದ್ದು ಮೊಬೈಲಿನೊಳಗಿನ ಅಂಗಡಿಯಿಂದ. ಅಲ್ಲಿ ಸವಾರರ ತೂಕ ಬರೆಯಿರಿ ಎಂದು ಒಂದು ಖಾನೆ ಇತ್ತು. ಯಾರೂ ನೋಡುತ್ತಿರಲಿಲ್ಲ. ಆ ಅಂಗಡಿಯವನು ನನ್ನ ಬೀಗನೂ ಅಲ್ಲ, ನೆಂಟನೂ ಅಲ್ಲ. ಆದರೂ ನಾನು ಆಚೀಚೆ ನೋಡಿ ಎಂಬತ್ತು ಎಂದು ಬರೆದೆ. ನಿಜವಾದ ತೂಕ ಎಷ್ಟೆಂದು ಈಗಲೇ ಕೇಳಬೇಡಿ. ಅದು ಮುಂದೆ ಹತ್ತು ಜನರ ಎದುರಿಗೆ ತಾನಾಗಿ ಹೊರಬಿತ್ತು, ಹೇಳುತ್ತೇನೆ.

ಐವತ್ನಾಲ್ಕನೆಯ ವಯಸ್ಸಿನಲ್ಲಿ ಈ ಹೆಂಗಸಿಗೆ ಸೈಕಲ್ಲಿನ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕೇಳಬಹುದು. ಅದಕ್ಕೆ ಇಲಕಲ್ಲಿಗೆ ಹೋಗಬೇಕು, ಅದೂ ನನ್ನ ಹತ್ತನೆಯ ವಯಸ್ಸಿನ ಇಲಕಲ್ಲಿಗೆ.

ನನ್ನ ತವರುಮನೆ ಇಲಕಲ್ಲಿನ ನೇಕಾರರ ಓಣಿಯಲ್ಲಿದೆ. ಅಪ್ಪ ಸೀರೆ ನೇಯುವವನು. ಈಗ ನನ್ನ ತಮ್ಮ ಅದೇ ಮನೆಯಲ್ಲಿ ಕರೆಂಟಿನ ಮಗ್ಗ ಹಾಕಿದ್ದಾನೆ, ಹಗಲಿಡೀ ಗೋಡೆ ನಡುಗುತ್ತದೆ. ಆಗ ಪಡಸಾಲೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಅಪ್ಪ ಅಂಚಿಗೆ ಕೂಡುತ್ತಿದ್ದ. ಕಾಲಡಿಯಲ್ಲಿ ಎರಡು ಹಲಗೆ. ಬಲಗಾಲಿನಿಂದ ಒಂದನ್ನು ತುಳಿದು ಹಿಡಿದರೆ ನೂಲು ಬಾಯಿ ತೆರೆಯುತ್ತದೆ, ಆಗ ಅಡ್ಡನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಆಮೇಲೆ ಎಡಗಾಲು. ನಾವು ಆ ಸಪ್ಪಳಕ್ಕೇ ಏಳುತ್ತಿದ್ದೆವು, ಆ ಸಪ್ಪಳದಲ್ಲೇ ಉಣ್ಣುತ್ತಿದ್ದೆವು. ಅದು ನಿಂತರೆ ಯಾರೋ ನೆಂಟರು ಬಂದಿದ್ದಾರೆ ಎಂದು ಗೊತ್ತಾಗುತ್ತಿತ್ತು.

ನಾನು ಹುಟ್ಟಿನಿಂದಲೇ ಮೈತುಂಬಿಕೊಂಡವಳು. ನನ್ನ ತೊಟ್ಟಿಲಿಗೆ ಎರಡು ಸಲ ಹಗ್ಗ ಬದಲಿಸಿದರು ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು. ಹತ್ತರ ಹೊತ್ತಿಗೆ ಆ ಹೆಮ್ಮೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಅಪ್ಪನಿಗೆ ಮಾತ್ರ ಅದರ ಪರಿವೆಯೇ ಇದ್ದಂತೆ ಕಾಣಲಿಲ್ಲ. ನಾನು ಕಲಿಯುತ್ತಿದ್ದ ಸಾಲಿ ಊರ ಹೊರಗೆ ಹುನಗುಂದದ ಹಾದಿಯಲ್ಲಿತ್ತು. ಅಪ್ಪ ದಿನಾ ಮುಂಜಾನೆ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಿಟ್ಟುಬರುತ್ತಿದ್ದ, ಸಂಜೆ ಮಗ್ಗದಿಂದ ಎದ್ದು ಕರೆದೊಯ್ಯಲು ಬರುತ್ತಿದ್ದ. ಹೋಗುವಾಗ ಇಳಿಜಾರು. ಬರುವಾಗ ಏರು. ಏರಿನ ನಡುವೆ ರಸ್ತೆಗೆ ಬಾಗಿದ ಒಂದು ಹುಣಸಿಮರ. ಏರು ಶುರುವಾದ ಕೂಡಲೇ ಅಪ್ಪ ಸೈಕಲ್ಲಿನಿಂದ ಇಳಿಯುತ್ತಿದ್ದ, ನನ್ನನ್ನು ಮಾತ್ರ ಇಳಿಸುತ್ತಿರಲಿಲ್ಲ. ನಾನು ಮಹಾರಾಣಿಯಂತೆ ಮೇಲೆ, ಅವನು ಬೆವರೊರೆಸುತ್ತ ಹ್ಯಾಂಡಲ್ ಹಿಡಿದು ಕೆಳಗೆ. ನಾನು ದಾರಿಯುದ್ದಕ್ಕೂ ಬಾಯಿಪಾಠ ಒಪ್ಪಿಸುತ್ತಿದ್ದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಕು.

ಒಂದು ಸಂಜೆ ಹುಣಸಿಮರದ ಕೆಳಗೆ ಸೀರೆ ವ್ಯಾಪಾರದ ಹಿರಿಯರೊಬ್ಬರು ಎದುರಾದರು. ಅಪ್ಪ ಸೈಕಲ್ ನೂಕುವುದನ್ನು ನೋಡಿ ನಕ್ಕು ಹೇಳಿದರು:

"ಏನೋ ಮಲ್ಲಪ್ಪಾ, ಮಗಳು ಭಾಳ ವಜ್ಜಿ ಆದ್ಲೇನು? ಸೈಕಲ್ಲಿಗೂ ಎಳಿಯಾಕ ಆಗವಲ್ದು?"

ಅಪ್ಪ ನಕ್ಕ. ಏನೂ ಹೇಳಲಿಲ್ಲ.

ಅಷ್ಟೇ. ವಜ್ಜಿ ಅಂದರೆ ಭಾರ; ಬೈಗುಳವಲ್ಲ, ಹೊಡೆತವಲ್ಲ. ಆದರೆ ಅಪ್ಪ ನಕ್ಕು ಸುಮ್ಮನಾದದ್ದು ನನ್ನ ಎದೆಯಲ್ಲಿ ಹೋಗಿ ಕೂತಿತು. ಅಲ್ಲಿಯವರೆಗೆ ನಾನು ದಪ್ಪ ಎಂಬುದು ಒಂದು ಸಂಗತಿಯಾಗಿತ್ತು, ನನ್ನ ಜಡೆ ಉದ್ದ ಎಂಬ ಹಾಗೆ. ಆ ಸಂಜೆಯಿಂದ ಅದು ನಾನು ಅಪ್ಪನಿಗೆ ಮಾಡುತ್ತಿರುವ ಅಪರಾಧವಾಯಿತು. ಮರುದಿನ ಹೇಳಿದೆ: "ಅಪ್ಪಾ, ಇನ್ಮ್ಯಾಲೆ ನಾ ಗೆಳತ್ಯಾರ ಕೂಡ ನಡ್ಕೊಂತ ಬರ್ತೇನಿ." ಅಪ್ಪ ಒಂದು ಗಳಿಗೆ ನೋಡಿ "ಹೂಂ" ಅಂದ. ಅಲ್ಲಿಂದ ಮುಂದೆ ನಾನು ಯಾರ ಸೈಕಲ್ಲನ್ನೂ ಮುಟ್ಟಲಿಲ್ಲ. ಗೆಳತಿಯರೆಲ್ಲ ಬಾಡಿಗೆ ಸೈಕಲ್ ತಂದು ಕಲಿಯುವಾಗ ನಾನು ಅವರ ಚಪ್ಪಲಿ ಕಾಯ್ದೆ.

ಈಗ ಅಪ್ಪನ ಎರಡೂ ಮೊಣಕಾಲು ಹೋಗಿವೆ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇ ಫೋಟೋ ಎತ್ತಿ ಹಿಡಿದು, ಸವೆದಿವೆ ಅಂದರು. ತಮ್ಮನೂ ತಮ್ಮನ ಹೆಂಡತಿಯೂ ವಯಸ್ಸಾಯಿತಲ್ಲ ಎಂದು ತಲೆಯಾಡಿಸಿದರು. ನಾನೊಬ್ಬಳೇ ಹುಣಸಿಮರದ ಏರನ್ನು ನೆನೆಸಿಕೊಂಡು ಗೋಡೆಯ ಕಡೆ ತಿರುಗಿದೆ. ಕೋರ್ಟಿನಲ್ಲಿ ಎಷ್ಟೋ ದಾವೆಗಳು ವಾದಿ ಪ್ರತಿವಾದಿ ಇಬ್ಬರೂ ಮರೆತಮೇಲೂ ಕಪಾಟಿನಲ್ಲಿ ಉಳಿದಿರುತ್ತವೆ. ನನ್ನ ಮೇಲೆ ನಾನೇ ಹಾಕಿಕೊಂಡ ಈ ದಾವೆಯೂ ಹಾಗೆಯೇ ಧೂಳು ತಿನ್ನುತ್ತ ಉಳಿದಿತ್ತು. ಒಂದು ಸಲವಾದರೂ ಈ ಮೈಯನ್ನು ಹೊತ್ತುಕೊಂಡೇ, ಯಾರಿಂದಲೂ ನೂಕಿಸಿಕೊಳ್ಳದೆ, ಆ ಏರನ್ನು ಸೈಕಲ್ ಮೇಲೆ ಹತ್ತಿ ಅಪ್ಪನ ಬಾಗಿಲಿಗೆ ಹೋಗಿ ನಿಲ್ಲಬೇಕು ಎಂಬ ಆಸೆ ಒಳಗೇ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೊದಲು ತೆಳ್ಳಗಾಗು, ಆಮೇಲೆ ಸೈಕಲ್ ಹತ್ತು ಎನ್ನುತ್ತಿದ್ದರು. ನಾನೂ ನನಗೆ ಅದನ್ನೇ ಹೇಳಿಕೊಂಡು ನಲವತ್ತನಾಲ್ಕು ವರ್ಷ ಕಳೆದಿದ್ದೆ. ತೆಳ್ಳಗಾಗಲು ನಾನು ಮಾಡಿದ ಪ್ರಯತ್ನಗಳನ್ನು ಇಲ್ಲಿ ಬರೆಯುವುದಿಲ್ಲ. ಬಿಸಿನೀರು, ಜೀರಿಗೆ, ಹುರುಳಿ ಎಲ್ಲವೂ ನನ್ನೊಳಗೆ ಹೋದವು, ಯಾವುದೂ ಏನನ್ನೂ ಹೊರಗೆ ತರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮುಂಜಾನೆ ಹುನಗುಂದದ ಬಸ್‌ಸ್ಟ್ಯಾಂಡಿನ ಮುಂದಿನ ಚಹದಂಗಡಿಯಲ್ಲಿ ಬಾಗಲಕೋಟೆಯಿಂದ ಬಂದ ಒಂದು ಸೈಕಲ್ ಗುಂಪು ನಿಂತಿತ್ತು. ತಲೆಗೆ ಟೊಪ್ಪಿಗೆ, ಕಣ್ಣಿಗೆ ಬಣ್ಣದ ಕನ್ನಡಕ, ಮೈಗೆ ಅಂಟಿಕೊಂಡ ಅಂಗಿ. ನಾನು ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದವಳು ಹಾಗೇ ನೋಡುತ್ತ ನಿಂತೆ. ಯಾಕೆಂದರೆ ಆ ಗುಂಪಿನಲ್ಲಿ ಒಬ್ಬಾಕೆ ನನ್ನ ಅಳತೆಯವಳಿದ್ದಳು. ಸುಳ್ಳಲ್ಲ, ನನಗಿಂತ ಒಂದು ಬೆರಳು ಹೆಚ್ಚೇ ಇರಬಹುದು. ನಾನು ಮಿರ್ಚಿ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹತ್ತಿರ ಹೋಗಿ ಕೇಳಿದೆ.

"ಎಲ್ಲೀತನಕ ಹೋಗ್ತೀರಿ ಸೈಕಲ್ ಮ್ಯಾಲೆ?"

"ಹೋದ ವಾರ ಬಾದಾಮಿಗೆ ಹೋಗಿದ್ವಿರಿ. ಅಲ್ಲಿಂದ ಶಿವಯೋಗ ಮಂದಿರಕ್ಕ ಹೋಗಿ, ಹೊಳಿಯಾಗ ಕಾಲ್ ಬಿಟ್ಕೊಂಡು ಕುಂತು ಬಂದ್ವಿ."

"ಸೈಕಲ್ಲಿಗೆ ಏನೂ ಆಗ್ಲಿಲ್ಲೇನ್ರಿ?"

ಕೇಳಬಾರದ ಪ್ರಶ್ನೆ ಎಂದು ಕೇಳಿದ ಮೇಲೆ ಹೊಳೆಯಿತು. ಆಕೆ ಗಟ್ಟಿಯಾಗಿ ನಕ್ಕಳು. "ಸೈಕಲ್ಲಿಗೆ ಏನಾಗ್ತೈತ್ರಿ? ಕುಂತಲ್ಲಿ ಅಷ್ಟ ಭಾಳ ನೂಸ್ತೈತಿ. ಒಂದು ಅಗಲ ಸೀಟ್ ಹಾಕಿಸ್ಕೊಳ್ರಿ, ಸಾಕು."

ನನ್ನ ನಲವತ್ತನಾಲ್ಕು ವರ್ಷದ ತೊಡಕಿಗೆ ಇಷ್ಟೇ ಪರಿಹಾರವಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ರಾತ್ರಿಯೇ ಸೀಟು ತರಿಸಲು ಬರೆದು ಹಾಕಿದೆ. ಆ ಎಂಬತ್ತು ಎಂಬ ಸುಳ್ಳಿನ ಸಮೇತ.

ಸೀಟನ್ನು ಬಗಲಲ್ಲಿಟ್ಟುಕೊಂಡು ರಾಜೇಸಾಬರ ಅಂಗಡಿಗೆ ಹೋದೆ. ರಾಜೇಸಾಬ ನಮ್ಮ ಊರಿನ ಸೈಕಲ್ ರಿಪೇರಿಯವರು. ಅರವತ್ತು ದಾಟಿದ, ಗಾಳಿ ಹೊಡೆಯುವ ಪಂಪಿಗೂ ತಮಗೂ ಹೆಚ್ಚು ವ್ಯತ್ಯಾಸವಿಲ್ಲದ ತೆಳ್ಳನೆಯ ಮನುಷ್ಯ. "ಇದರ ಕೆಳಗ ಹೊಂದೂವಂಥ ಒಂದು ಸೈಕಲ್ ಬೇಕು" ಅಂದೆ. ಅವರು ಸೀಟನ್ನು ಒತ್ತಿ ನೋಡಿದರು. ನನ್ನನ್ನು ಒತ್ತಿ ನೋಡಲಿಲ್ಲ ಎಂಬುದೊಂದೇ ಸಮಾಧಾನ.

"ಯಾರಿಗ್ರಿ ಅಕ್ಕಾರ?"

"ನನಗ."

ಅವರು ಒಳಗಿನಿಂದ ಒಂದು ಹಳೆಯ ಲೇಡೀಸ್ ಸೈಕಲ್ ಎಳೆದು ತಂದರು. ನಾನು ಮೆಲ್ಲಗೆ, ಇದು ನನ್ನನ್ನು ತಡೆಯುತ್ತದೆಯೇ ಎಂದು ಕೇಳಿದೆ. ಅವರಿಗೆ ನನ್ನ ಸಂಕೋಚ ಅರ್ಥವೇ ಆಗಲಿಲ್ಲ. ಭಾರವೆಂಬುದು ಅವರಿಗೆ ನಾಚಿಕೆಯ ವಿಷಯವಾಗಿರಲೇ ಇಲ್ಲ, ಬರೀ ಕೆಲಸದ ವಿಷಯ.

"ಎರಡು ತುಂಬಿದ ಸಿಲಿಂಡರ್ ಕಟ್ಕೊಂಡು, ಮ್ಯಾಲೆ ತಾವೂ ಕುಂತು ಹೋಗ್ತಾರ್ರಿ ಮಂದಿ. ಹಾಲಿನವ್ರು ನಾಕು ಕ್ಯಾನ್ ಹೇರ್ತಾರ. ಸೈಕಲ್ ಯಾವತ್ತರ ಬ್ಯಾಡಂದೈತೇನ್ರಿ? ನಿಮ್ದೇನು ಬಿಡ್ರಿ, ಮೂರು ಸಿಲಿಂಡರ್ ಆಗಬಹುದು. ಹಿಂದಿನ ಗಾಲಿಗೆ ದಪ್ಪನ ಕಡ್ಡಿ ಹಾಕ್ತೇನಿ, ಗಾಳಿ ಗಟ್ಟಿ ಇಡ್ತೇನಿ. ಕ್ಯಾರಿಯರೂ ಗಟ್ಟೀದ ಕೂಡಿಸ್ತೇನಿ."

"ಕ್ಯಾರಿಯರ್ ಯಾಕ್ರಿ?"

"ಇರ್ಲಿ ತಗೋರಿ. ಯಾರರ ಕುಂದ್ರೂವರು ಸಿಗ್ತಾರ."

ಮೂರು ಸಿಲಿಂಡರ್ ಎನ್ನಿಸಿಕೊಂಡರೂ ನನಗೆ ಸಿಟ್ಟು ಬರಲಿಲ್ಲ. ಯಾರೋ ಮೊದಲ ಸಲ ನನ್ನ ತೂಕವನ್ನು ನೋಡಿ ನಕ್ಕೂ ಇರಲಿಲ್ಲ, ಮರುಗಿಯೂ ಇರಲಿಲ್ಲ. ಗಾಲಿಗೆ ಎಷ್ಟು ಕಡ್ಡಿ ಬೇಕು ಎಂದಷ್ಟೇ ಲೆಕ್ಕ ಹಾಕಿದ್ದರು. ಮನೆಗೆ ಬರುವಾಗ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ಸ್ವಲ್ಪ ಹೊತ್ತಿನ ಹಿಂದೆ ತಿಂದ ಮಿರ್ಚಿಯೇ ಕಾರಣ ಎಂದು ಯಜಮಾನರಿಗೆ ಹೇಳಿದೆ.

ಕಲಿಯಲು ಜಾಗ ಬೇಕಲ್ಲ. ನಮ್ಮ ಓಣಿಯಲ್ಲಿ ಕಲಿತರೆ ಇಡೀ ಓಣಿಯೇ ನೋಡಲು ನೆರೆಯುತ್ತದೆ. ಹಾಗಾಗಿ ಸಂತೆಯಿಲ್ಲದ ದಿನ ಬೆಳಗ್ಗೆ ಮಾರ್ಕೆಟ್ ಯಾರ್ಡಿನ ಅಂಗಳಕ್ಕೆ ಹೋದೆವು. ಕಡಲೆ, ಸೂರ್ಯಕಾಂತಿಯ ಚೀಲಗಳು ಬಂದು ಬೀಳುವ ಜಾಗ, ಅವತ್ತು ಖಾಲಿ. ರಾಜೇಸಾಬರು ಸೀಟಿನ ಹಿಂದೆ, ಯಜಮಾನರು ಪಕ್ಕದಲ್ಲಿ, ನಾನು ಜೀವಮಾನದಲ್ಲಿ ಮೊದಲ ಸಲ ಹೊಲಿಸಿದ ಚೂಡಿದಾರದಲ್ಲಿ. ಖಾಲಿ ಎಂದುಕೊಂಡಿದ್ದೆ, ಕಟ್ಟೆಯ ಮೇಲೆ ಏಳೆಂಟು ಹಮಾಲರು ಲಾರಿ ಬರುವುದನ್ನು ಕಾಯುತ್ತ ಕೂತಿದ್ದರು. ಹಮಾಲರ ಕಣ್ಣು ಬಲು ಕೆಟ್ಟದ್ದು. ದಿನವಿಡೀ ಚೀಲ ಎತ್ತಿ ಎತ್ತಿ, ಯಾವುದನ್ನೇ ನೋಡಲಿ, ಮೊದಲು ತೂಕ ಕಾಣುತ್ತದೆ.

"ತೊಂಬತ್ನಾಕು" ಅಂದ ಒಬ್ಬ, ಬೀಡಿ ಬಾಯಲ್ಲಿಟ್ಟುಕೊಂಡೇ.

"ಏ ಇಲ್ಲೋ. ತೊಂಬತ್ತಾರು" ಅಂದ ಇನ್ನೊಬ್ಬ.

ಯಜಮಾನರು ಅವರ ಕಡೆ ತಿರುಗಿ ಹೆಮ್ಮೆಯಿಂದ, "ಎಂಬತ್ತ್ರಿ. ಮೊಬೈಲಿನಾಗ ಬರದೈತಿ" ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಅವರಲ್ಲಿ ಹಿರಿಯನೊಬ್ಬ ಕಟ್ಟೆಯಿಂದ ಇಳಿದು ಬಂದು ಕೈ ಮುಗಿದ. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ನಮ್ಮ ಕಣ್ಣು ಹಂಗ ಬಿದ್ದಾವ. ತೊಂಬತ್ತಾರ ಹೌದಲ್ರಿ?"

"ಹೌದು" ಅಂದೆ. ತೊಂಬತ್ತಾರು ಎಂದು ಜೋರಾಗಿ ಒಪ್ಪಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಯಜಮಾನರ ಮುಖ ನೋಡಬೇಕಿತ್ತು. ಮೂವತ್ತು ವರ್ಷ ಒಟ್ಟಿಗೆ ಬಾಳಿ ಹದಿನಾರು ಕಿಲೋ ಕಾಣದೆ ಹೋಗಿದ್ದರು, ಪಾಪ.

ಅಲ್ಲಿಂದ ಮುಂದೆ ಹಮಾಲರೂ ನನ್ನ ಗುರುಗಳಾದರು. ಬಿದ್ದರೆ ಎತ್ತಲು ಅವರಷ್ಟು ನುರಿತವರು ಎಲ್ಲಿ ಸಿಗಬೇಕು? ಎರಡು ವಾರದಲ್ಲಿ ಒಂಬತ್ತು ಸಲ ಬಿದ್ದೆ, ಒಂಬತ್ತು ಸಲವೂ ನನ್ನನ್ನು ಎತ್ತಿ ಧೂಳು ಜಾಡಿಸಿ ಸೀಟಿನ ಮೇಲೆ ಇಟ್ಟರು. ಬೀಳದಂತೆ ತೋಲ ಹಿಡಿಯಲು ಬಂತು. ತಿರುಗಲು ಬಂತು. ಒಂದು ಮಾತ್ರ ಬರಲಿಲ್ಲ. ನಾನು ಹೋಗುತ್ತಿದ್ದರೆ ಸೈಕಲ್ಲು ಒಂದು ಎಳೆತ ಎಳೆದು, ಸುಮ್ಮನೆ ಜಾರಿ, ಮತ್ತೆ ಒಂದು ಎಳೆತ ಎಳೆಯುತ್ತಿತ್ತು. ಒಂದೇ ಸಮನೆ ಓಡುತ್ತಲೇ ಇರಲಿಲ್ಲ. ಚೈನು ಜಾಮಾಗಿದೆ ಎಂದು ಯಜಮಾನರು ಎರಡು ಸಲ ಎಣ್ಣೆ ಹಾಕಿಸಿದರು. ಮೂರನೆಯ ವಾರ ರಾಜೇಸಾಬರು ನನ್ನ ಕಾಲುಗಳನ್ನೇ ನೋಡುತ್ತ ಜೊತೆಗೆ ನಡೆದು ಬಂದು, ತಟ್ಟನೆ ಕೇಳಿದರು:

"ಅಕ್ಕಾರ, ನಿಮ್ಮ ತವರಮನಿ ಮಗ್ಗದಾವ್ರೇನ್ರಿ?"

"ಹೌದ್ರಿ. ಇಲಕಲ್. ನಾನೂ ಲಗ್ನ ಆಗೂತನಕ ನೇಯ್ದೇನಿ."

"ಅದಕ್ಕ! ನೀವು ಒಂದು ಕಾಲು ತುಳೀತೀರಿ, ಹಿಡದು ನಿಂದರ್ತೀರಿ. ಆಮ್ಯಾಲೆ ಇನ್ನೊಂದು ತುಳೀತೀರಿ. ನಡುವ ಲಾಳಿ ಹೋಗೂತನಕ ಕಾಯಾಕತ್ತೀರಿ. ಈ ಸೈಕಲ್ಲಿನಾಗ ಲಾಳಿ ಎಲ್ಲೈತ್ರಿ?"

ಹಮಾಲರು ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಹದಿನಾಲ್ಕರಿಂದ ಇಪ್ಪತ್ತನಾಲ್ಕರವರೆಗೆ ಹತ್ತು ವರ್ಷ ಕುಣಿಯಲ್ಲಿ ಇಳಿಬಿಟ್ಟ ಕಾಲುಗಳು ಇವು. ಕೋರ್ಟಿನ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತರೂ ಅವು ತಮ್ಮ ಕಸುಬು ಮರೆತಿರಲಿಲ್ಲ. ತುಳಿ, ತಡೆ, ತುಳಿ. ಎಷ್ಟು ತಿದ್ದಿದರೂ ಹೋಗಲಿಲ್ಲ. "ಬಿಡ್ರಿ, ಸಪಾಟ ರಸ್ತಾದಾಗ ನಡೀತೈತಿ" ಅಂದರು ರಾಜೇಸಾಬರು. ಏರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಎಲ್ಲ ತಿಳಿದುಬಿಡುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಹುನಗುಂದದಿಂದ ಹೊರಟೆ. ಬಸ್ಸಿಗೆ ಅರ್ಧ ತಾಸಿನ ದಾರಿಯೂ ಅಲ್ಲ. ಯಜಮಾನರು ತಮ್ಮ ಸ್ಕೂಟರಿನಲ್ಲಿ ಹಿಂದೆ ಬರುತ್ತೇನೆಂದರು. ನನ್ನ ಹಿಂದೆ ಬಂದರೆ ಅವರಿಗೆ ರಸ್ತೆ ಕಾಣುವುದಿಲ್ಲ ಎಂದು ಹೇಳಿ ಬಿಡಿಸಿದೆ. ದೊಡ್ಡ ಲಾರಿಗಳ ಹಾದಿ ಬಿಟ್ಟು ಪಕ್ಕದ ರಸ್ತೆ ಹಿಡಿದೆ. ಎರಡೂ ಕಡೆ ಜೋಳ ತೆನೆ ಬಿಟ್ಟಿತ್ತು. ತುಳಿ, ತಡೆ, ತುಳಿ. ನಡುನಡುವೆ ನಿಂತು ನೀರು ಕುಡಿದೆ, ಒಂದು ಕಡೆ ಕಬ್ಬಿನ ಹಾಲೂ ಕುಡಿದೆ. ಹೊಲದಲ್ಲಿದ್ದ ಹೆಣ್ಣುಮಕ್ಕಳು ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದರು. ಒಬ್ಬಳು "ಯವ್ವಾ, ಭೇಷ್" ಎಂದು ಕೂಗಿದಳು. ನನಗೆ ಬಂದ ಸಂತೋಷ ಇಷ್ಟಿಷ್ಟಲ್ಲ. ಈ ಮೈ ಹೊತ್ತು ತಿರುಗಿದ ಇಷ್ಟು ವರ್ಷಗಳಲ್ಲಿ, ಅದು ನನ್ನನ್ನು ಎಲ್ಲಿಗಾದರೂ ಹೊತ್ತು ಹೋಗಬಲ್ಲದು ಎಂದು ಗೊತ್ತಿರಲಿಲ್ಲ.

ನಮ್ಮ ಹಳೆಯ ಸಾಲಿ ದಾಟಿತು. ಏರು ಶುರುವಾಯಿತು.

ಮೇಲೆ ಹುಣಸಿಮರ ಕಂಡಿತು. ಹಲ್ಲು ಕಚ್ಚಿ ತುಳಿದೆ. ಕಾಲು ತಡೆಯಿತು. ಆ ತಡೆದ ಗಳಿಗೆಯಲ್ಲಿ ಸೈಕಲ್ ನಿಂತೇಬಿಟ್ಟಿತು, ಹಿಂದಕ್ಕೆ ಜಾರಲು ನೋಡಿತು. ಇಳಿದೆ. ಮತ್ತೆ ಹತ್ತಿದೆ, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಉಸಿರು ಕಟ್ಟಿ, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ನಲವತ್ತನಾಲ್ಕು ವರ್ಷದ ಆಸೆ ಮರದಿಂದ ಐವತ್ತು ಹೆಜ್ಜೆ ಈಚೆಗೆ ಕೂತು ಏದುಸಿರು ಬಿಡುತ್ತಿತ್ತು. ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಯಾಕೋ ಬಾಯಿಗೆ ಆ ಬಾಯಿಪಾಠ ಬಂತು. ಎರಡೊಂದ್ಲ ಎರಡು. ಅಪ್ಪ ಒಮ್ಮೆ ತುಳಿದರೆ ಒಂದು ಸಾಲು. ಆಮೇಲೆ ಸೈಕಲ್ ಸುಮ್ಮನೆ ಜಾರುವಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಇನ್ನೊಂದು ತುಳಿತ. ಎರಡೆರಡ್ಲ ನಾಕು.

ಅಪ್ಪನ ಕಾಲುಗಳೂ ತಡೆಯುತ್ತಿದ್ದವು.

ನಾನು ಕಲ್ಲಿನಿಂದ ಎದ್ದು, ಸೈಕಲ್ ನೂಕಿಕೊಂಡು, ಮನೆಯವರೆಗೂ ಆ ಒಂದೇ ಮಾತನ್ನು ಯೋಚಿಸುತ್ತ ನಡೆದೆ. ಅಪ್ಪ ಬಾಗಿಲ ಪಕ್ಕದ ಹೊರಸಿನ ಮೇಲೆ ಬಿಸಿಲಿಗೆ ಕೂತಿದ್ದ. ಸೈಕಲ್ಲನ್ನೂ ನನ್ನನ್ನೂ ನೋಡಿ ಬಾಯಿ ತೆರೆದ. ನಾನು ನೀರು ಸಹ ಕುಡಿಯದೆ ಕೇಳಿದೆ.

"ಅಪ್ಪಾ, ಖರೆ ಹೇಳು. ಹುಣಸಿಮರದ ಏರಿನಾಗ ನೀ ಯಾಕ ಇಳೀತಿದ್ದಿ?"

"ಯಾವಾಗ?"

"ನನ್ನ ಹಿಂದ ಕುಂದ್ರಿಸ್ಕೊಂಡು ಬರೂ ಮುಂದ. ನಾ ವಜ್ಜಿ ಅಂತ ಇಳೀತಿದ್ದಿ ಹೌದಲ್ಲೋ?"

ಅಪ್ಪ ತನ್ನ ಮೊಣಕಾಲನ್ನು ತಿಕ್ಕಿಕೊಂಡ. ಒಳಗೆ ತಮ್ಮನ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು.

"ನಾ ಒಬ್ಬಾಂವ ಬಂದ್ರೂ ಇಳೀತಿದ್ನೆವಾ. ನನಗ ಏರು ಹೊಡಿಯಾಕ ಎಂದೂ ಬರ್ಲಿಲ್ಲ. ಕಾಲು ತಡೀತಿದ್ದವು. ಓಣಿ ಗಂಡಸರೆಲ್ಲ ನಗ್ತಿದ್ರು, ಮಲ್ಲಪ್ಪಗ ಏರು ಬರಂಗಿಲ್ಲಂತ."

"ಮತ್ತ ಅವತ್ತು ಅವ್ರು ಮಗಳು ವಜ್ಜಿ ಆದ್ಲೇನು ಅಂದಾಗ ಯಾಕ ಸುಮ್ನಾದಿ?"

ಅಪ್ಪ ತಲೆ ಎತ್ತಲಿಲ್ಲ. "ನೀ ಹಿಂದ ಕುಂತರ ಮಂದಿ ನಿನ್ನ ನೋಡ್ತಿದ್ರು, ನನ್ನ ಕಾಲು ನೋಡ್ತಿದ್ದಿಲ್ಲ. ನನಗ ಅದು ಚೊಲೋ ಆತು. ಅದಕ್ಕ ಸುಮ್ನಾದೆ. ಮರುದಿನ ನೀ ಕುಂದ್ರಂಗಿಲ್ಲ ಅಂದಿ. ಕೇಳಬೇಕಂತ ಮಾಡಿದ್ದೆ. ಕೇಳಾಕ ಮಾರಿ ಇರ್ಲಿಲ್ಲ."

ನನಗೆ ಸಿಟ್ಟು ಬಂತು. ನಿಜವಾಗಿ ಬಂತು. ಕಾಯ್ದ ಚಪ್ಪಲಿಗಳೆಲ್ಲ ನೆನಪಾದವು. ಬರೀ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಮಾರಾಯ ಎಂದು ಜಗಳಕ್ಕೆ ಬಾಯಿ ತೆರೆದವಳು ಅವನ ಮುಖ ನೋಡಿದೆ. ಎಂಬತ್ತು ದಾಟಿದ ಮನುಷ್ಯ, ಸಾಲಿಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದ. ಮೊಬೈಲಿಗೆ ಎಂಬತ್ತು ಎಂದು ಬರೆದ ನನಗೆ ಅವನನ್ನು ಬಯ್ಯುವ ಹಕ್ಕು ಎಷ್ಟಿತ್ತು? ಮೈಯ ನಾಚಿಕೆ ನನ್ನೊಬ್ಬಳ ಆಸ್ತಿ ಎಂದುಕೊಂಡಿದ್ದೆ. ತೆಳ್ಳಗಿನ ಅಪ್ಪನೂ ಅದನ್ನು ಬೇರೆ ಕಡೆ ಇಟ್ಟುಕೊಂಡು ಸಾಕಿದ್ದ, ಕಾಲಿನಲ್ಲಿ.

"ಏಳು" ಅಂದೆ. "ಹಿಂದ ಕುಂದ್ರು."

"ಯಾತರ ಮ್ಯಾಲೆ?"

"ಕ್ಯಾರಿಯರ್ ಮ್ಯಾಲೆ. ಮೂರು ಸಿಲಿಂಡರ್ ತಡೀತೈತಂತ, ನಿನ್ನ ತಡಿಯಂಗಿಲ್ಲೇನು?"

ತಮ್ಮನೂ ಅವನ ಹೆಂಡತಿಯೂ ಓಡಿಬಂದು ಬೇಡ ಬೇಡವೆಂದರು. ಅಪ್ಪ ಅವರ ಮಾತು ಕೇಳದೆ, ಅವರ ಹೆಗಲನ್ನೇ ಹಿಡಿದುಕೊಂಡು ಕ್ಯಾರಿಯರ್ ಏರಿ ಕೂತ. ನನ್ನ ಅಗಲ ಸೀಟಿನ ಸ್ಪ್ರಿಂಗುಗಳನ್ನು ಎರಡೂ ಕೈಯಿಂದ ಹಿಡಿದ. ಓಣಿ ದಾಟಿದೆವು. ಹುಣಸಿಮರದ ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ಇಳಿದೆವು. ಅಪ್ಪ ಹಿಂದಿನಿಂದ "ಸಾವಕಾಶ, ಸಾವಕಾಶ" ಎನ್ನುತ್ತಲೇ ಇದ್ದ. ಸಾಲಿಯ ಮುಂದಿನ ಗೂಡಂಗಡಿಯಲ್ಲಿ ಇಬ್ಬರೂ ಚಹಾ ಕುಡಿದೆವು. ಆಮೇಲೆ ತಿರುಗಿ ಬರಬೇಕಲ್ಲ. ಏರಿನ ಬುಡದಲ್ಲಿ ನಾನು ಇಳಿದೆ. ಅಪ್ಪನನ್ನು ಇಳಿಸಲಿಲ್ಲ. ಹ್ಯಾಂಡಲ್ ಹಿಡಿದು ನೂಕತೊಡಗಿದೆ.

ಮರದ ಹತ್ತಿರ ಬಂದಾಗ ಬೈಕಿನವರೊಬ್ಬರು ಪಕ್ಕಕ್ಕೆ ಬಂದು ನಿಧಾನಿಸಿದರು. ನನ್ನ ಗಾತ್ರ, ನನ್ನ ಬೆವರು, ಹಿಂದೆ ಕೂತ ಅಪ್ಪ, ಎಲ್ಲವನ್ನೂ ನೋಡಿ, ಮರುಕದಿಂದಲೋ ತಮಾಷೆಗೋ ಕೇಳಿದರು:

"ಯಾಕ್ರಿ ಅಕ್ಕಾರ, ಅಜ್ಜಾರು ಭಾಳ ವಜ್ಜಿ ಆದ್ರೇನು?"

ಸೀಟು ಹಿಡಿದ ಅಪ್ಪನ ಕೈ ಬಿಗಿಯಾದದ್ದು ಹ್ಯಾಂಡಲ್ಲಿನವರೆಗೂ ತಿಳಿಯಿತು. ನಾನು ನಿಂತೆ. ಮೇಲುಸಿರು ಇಳಿಸಿಕೊಂಡೆ.

"ಇಲ್ರೀ. ಅಜ್ಜಾರು ಒಂದೀಟೂ ವಜ್ಜಿ ಇಲ್ಲ. ನನಗ ಏರು ಹೊಡಿಯಾಕ ಬರಂಗಿಲ್ಲ."

ಅವರು ನಕ್ಕು ಗಾಡಿ ಮುಂದೆ ಬಿಟ್ಟರು. ಹತ್ತು ಮಾರು ಹೋಗಿದ್ದರೋ ಇಲ್ಲವೋ, ನನ್ನ ಬೆನ್ನ ಹಿಂದಿನಿಂದ ಅಪ್ಪ, ಆ ರಸ್ತೆಯಲ್ಲಿ ಅಷ್ಟು ವರ್ಷ ಸುಮ್ಮನೆ ನಡೆದ ಅಪ್ಪ, ಇದ್ದ ದನಿಯನ್ನೆಲ್ಲ ಕೂಡಿಸಿ ಅವರ ಬೆನ್ನಿಗೆ ಕೂಗಿ ಹೇಳಿದ:

"ನನಗೂ ಬರ್ತಿದ್ದಿಲ್ರಿಪಾ!"